ಇಪ್ಪತ್ತನಾಲ್ಕು ಮನೆ

ಹದಿನಾರನೆಯ ಹಾಳೆಯಲ್ಲೂ ಅದೇ ಜಾಗದಲ್ಲಿ ಪೆನ್ಸಿಲ್ಲಿನ ಅಡ್ಡಗೆರೆ ಇತ್ತು. ಅವಳು ಕನ್ನಡಕವನ್ನು ಹಣೆಗೇರಿಸಿ ಮತ್ತೆ ಮೊದಲಿನಿಂದ ಎಣಿಸಿದಳು. ಟ್ರಂಪೆಟ್ ನಾಲ್ಕು, ಸ್ಯಾಕ್ಸೊಫೋನ್ ಐದು, ಬೇರೆ ಕೈಬರಹದ ಎರಡನೆಯದನ್ನು ಬದಿಗಿಟ್ಟರೆ ಟ್ರಾಂಬೋನ್ ಮೂರು, ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಒಬ್ಬೊಬ್ಬರು ಒಂದೊಂದು ರೀತಿ ಗೀಚಿದ್ದರು. ಮೊದಲನೇ ಟ್ರಂಪೆಟ್ಟಿನವನು ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದ. ಡ್ರಮ್ಸಿನವನು 'ಇಲ್ಲಿಂದ ಹಾರು' ಎಂದು ಬರೆದು ಪಕ್ಕದಲ್ಲಿ ಒಂದು ಕಪ್ಪೆ ಬಿಡಿಸಿದ್ದ. ಎರಡು ನಿಂತ ಗೆರೆಗಳ ನಡುವಿನ ಅಳತೆಗೆ ಈ ಬ್ಯಾಂಡಿನವರು ಮನೆ ಎನ್ನುತ್ತಿದ್ದರು. ತೊಂಬತ್ತೇಳನೆಯ ಮನೆಯಿಂದ ನೂರಿಪ್ಪತ್ತನೆಯ ಮನೆಯವರೆಗೆ, ಒಟ್ಟು ಇಪ್ಪತ್ತನಾಲ್ಕು ಮನೆಗಳನ್ನು ಹತ್ತೊಂಬತ್ತು ವರ್ಷದಿಂದ ಯಾರೂ ನುಡಿಸಿರಲಿಲ್ಲ.

ಅಡುಗೆಮನೆಯ ಮೇಜು ಅಲುಗಾಡಿತು. ಗಂಡನ ತಂದೆ ಬಂದು ಒಂದು ಹಾಳೆಯನ್ನು ಎಲ್ಲದರ ಮೇಲೆ ಇಟ್ಟು, ಅಂಗೈಯಿಂದ ಒಮ್ಮೆ ಸವರಿ ನಿಂತುಕೊಂಡರು.

"ಇದು ಹದಿನೇಳನೇದು," ಎಂದರು.

"ಫೋಲ್ಡರಿನಲ್ಲಿ ಎರಡನೇ ಟ್ರಾಂಬೋನ್ ಹಾಳೆ ಇದೆಯಲ್ಲ ಮಾವ."

"ಅದು ನಾನು ಬಿಟ್ಟು ಬಂದಮೇಲೆ ಯಾರೋ ಗೀಚಿದ್ದು. ಕುಂಟು ನಕಲು. ಇದು ನಾನೇ ನುಡಿಸ್ತಿದ್ದದ್ದು."

ಆ ಹಾಳೆಯ ಮಡಿಕೆಗಳು ಹಳದಿಯಾಗಿದ್ದವು. ಆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಚುಕ್ಕೆ ಪೆನ್ಸಿಲ್ ಗುರುತೂ ಇರಲಿಲ್ಲ.

"ಏನು ಬರಿಬೇಕು ಅಂತ ನಾನು ಹೇಳಲ್ಲಮ್ಮ," ಎಂದರು ಮಾವ. "ನಿನ್ನ ಕೆಲಸ ನಿನಗೆ ಗೊತ್ತು. ಆದ್ರೆ ಪೂರ್ತಿ ನುಡಿಸೋದಾದ್ರೆ ಮಾತ್ರ ನನ್ನ ಸಹಿ. ಇಲ್ಲಾಂದ್ರೆ ಆ ಒಪ್ಪಿಗೆ ಕಾಗದದಲ್ಲಿ ನೀನು ಸಕ್ಕರೆ ಪೊಟ್ಟಣ ಕಟ್ಕೋ."

ಹಗಲಿನಲ್ಲಿ ಅವಳು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಸಂಜೆ ತರಗತಿಯಲ್ಲಿ ಮೂರು ವರ್ಷ ಸ್ವರಲಿಪಿ ಕಲಿತದ್ದರಿಂದ ಈ ಬ್ಯಾಂಡಿನ ಹಾಳೆಗಳನ್ನು ನಕಲು ಮಾಡುವ ಕೆಲಸವೂ ಅವಳ ಪಾಲಿಗೆ ಬಂದಿತ್ತು. ಬ್ಯಾಂಡಿನವರು ಅವಳನ್ನು ನಕಲಮ್ಮ ಎಂದೇ ಕರೆಯುತ್ತಿದ್ದರು. ಈಗ ಬ್ಯಾಂಡು ಮೊದಲ ಬಾರಿಗೆ ಒಂದು ಆಲ್ಬಮ್ ಮಾಡಲು ಹೊರಟಿತ್ತು. ಬೇರೆಯವರ ಹಾಡುಗಳಲ್ಲ, ಬ್ಯಾಂಡಿನಲ್ಲೇ ಕೂತು ನುಡಿಸಿದವರು ಕಟ್ಟಿದ ಎಂಟು ರಚನೆಗಳು. ರಾಗ ಹುಟ್ಟಿಸಿದವರ ಹೆಸರು, ಅದನ್ನು ಹದಿನೇಳು ವಾದ್ಯಗಳಿಗೆ ಹಂಚಿ ಜೋಡಿಸಿದವರ ಹೆಸರು ಹೊದಿಕೆಯ ಮುಂಭಾಗದಲ್ಲೇ ದೊಡ್ಡದಾಗಿ ಬರಬೇಕು. ಆಲ್ಬಮ್ಮಿನ ಹೆಸರೂ 'ಬರೆದವರು'. ಬರೆದವರು ಒಪ್ಪಿಗೆ ಕಾಗದಕ್ಕೆ ಸಹಿ ಹಾಕದೆ ಯಾವ ರಚನೆಯೂ ಅದಕ್ಕೆ ಸೇರುವಂತಿರಲಿಲ್ಲ. ಹಳೆಯ ಹಾಳೆಗಳಿಗೆಲ್ಲ ಅಂಟುಪಟ್ಟಿ ಹಚ್ಚಿ ಹಚ್ಚಿ, ತಿರುವಿದರೆ ಚರಚರ ಸದ್ದಾಗುತ್ತಿತ್ತು, ಸ್ಟುಡಿಯೋ ಮೈಕು ಅದನ್ನೂ ಹಿಡಿಯುತ್ತದೆ. ಅದಕ್ಕಾಗಿ ಎಂಟೂ ರಚನೆಗಳನ್ನು ದಪ್ಪ ಕಾಗದದ ಮೇಲೆ ಹೊಸದಾಗಿ ಬರೆಯಬೇಕಿತ್ತು.

ಏಳು ಮುಗಿದಿದ್ದವು. ಎಂಟನೆಯದು ಮಾವನದು. ಹೆಸರು 'ಮೂರನೇ ಪಾಳಿ'. ಅವರು ಬರೆದದ್ದು ಇನ್ನೂ ಹತ್ತಾರಿತ್ತಂತೆ. ಬ್ಯಾಂಡು ಬಿಟ್ಟ ವರ್ಷ ಸಿಟ್ಟಿನಲ್ಲಿ ಅವನ್ನೆಲ್ಲ ಹರಿದು ಹಾಕಿದ್ದರು. ಇದೊಂದು ಬ್ಯಾಂಡಿನವರ ಬಳಿ ಇದ್ದದ್ದರಿಂದ ಉಳಿದಿತ್ತು. ಇದೂ ಬಿಟ್ಟುಹೋದರೆ 'ಬರೆದವರು' ಎಂಬ ಪಟ್ಟಿಯಲ್ಲಿ ಮಾವನ ಹೆಸರೇ ಇರುವುದಿಲ್ಲ. ಎಪ್ಪತ್ತೆರಡು ವರ್ಷದವರಿಗೆ ಇನ್ನೊಂದು ಆಲ್ಬಮ್ ಯಾವಾಗ?

ಆ ಯೋಚನೆ ಬಂದಾಗಲೆಲ್ಲ ಅವಳು ಎದ್ದು ಕೈ ತೊಳೆದುಕೊಂಡು ಬರುತ್ತಿದ್ದಳು. ಕೈ ಕೊಳೆಯಾಗಿರುತ್ತಿರಲಿಲ್ಲ.

ಮರುದಿನ ಅಚ್ಚುಕೂಟದ ಊಟದ ಬಿಡುವಿನಲ್ಲಿ ಅವಳು ಬ್ಯಾಂಡಿನ ನಾಯಕರ ಅಂಗಡಿಗೆ ಹೋದಳು. ಅವರದು ಕನ್ನಡಕದಂಗಡಿ. ಮುಂದಿನ ಸಾಲಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಲೇ ಬ್ಯಾಂಡು ನಡೆಸುವ ಅವರು ಎಲ್ಲರಿಗೂ ಕ್ಯಾಪ್ಟನ್. ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಿಸುತ್ತಿದ್ದರು.

"ಸಾರ್, ಮೂರನೇ ಪಾಳಿಯಲ್ಲಿ ತೊಂಬತ್ತೇಳನೇ ಮನೆಯಿಂದ..."

"ನಾವು ಹೇಗೆ ನುಡಿಸ್ತೀವೋ ಹಾಗೆ ಬರಿ. ಈಗ ಸ್ಪಷ್ಟ ಕಾಣುತ್ತಾ? ನಿನಗಲ್ಲ, ಇವರಿಗೆ."

"ಕೆಳಗಿನ ಸಾಲು ಕಾಣಲ್ಲ," ಎಂದರು ಗಿರಾಕಿ.

ಕ್ಯಾಪ್ಟನ್ ಗಾಜು ಬದಲಾಯಿಸಿದರು. "ನಿಮ್ಮ ಮಾವ ಏನೋ ಹೇಳಿ ಕಳಿಸಿರ್ತಾರೆ. ನೋಡು ನಕಲಮ್ಮ, ಆಗ ನಾವು ಕುಣಿಯೋರಿಗೆ ನುಡಿಸ್ತಿದ್ವಿ. ಆ ಭಾಗ ಬಂತು ಅಂದ್ರೆ ಇಡೀ ಹಾಲ್ ಖಾಲಿ. ಎಲ್ಲರೂ ಟೀ ಕುಡಿಯೋಕೆ ಹೋಗೋರು. ನಾನು ಇಪ್ಪತ್ತನಾಲ್ಕು ಮನೆ ತೆಗೆದೆ. ಅವರು ಬ್ಯಾಂಡಿಂದ ತಮ್ಮನ್ನೇ ತೆಗೆದುಕೊಂಡು ಹೋದ್ರು. ಯಾರು ಜಾಸ್ತಿ ತೆಗೆದದ್ದು, ನೀನೇ ಹೇಳು."

"ಪೂರ್ತಿ ನುಡಿಸಿದ್ರೆ ಮಾತ್ರ ಸಹಿ ಹಾಕ್ತಾರಂತೆ ಸಾರ್."

"ಹಾಕದಿದ್ರೆ ಏಳೇ ಇರಲಿ. ನನಗೇನು ಸಂತೋಷಾನಾ?" ಎಂದವರು ಗಾಜನ್ನು ಬಟ್ಟೆಯಿಂದ ಒರೆಸಿದರು. ಅದು ಆಗಲೇ ಒರೆಸಿದ್ದ ಗಾಜು. ಮತ್ತೆ ಒರೆಸಿದರು. "ಆ ಟ್ಯೂನ್ ಇಲ್ಲದ ಆಲ್ಬಮ್ಮು ಆಲ್ಬಮ್ಮೇ ಅಲ್ಲ ಅಂತ ನನಗೂ ಗೊತ್ತು. ನೀನೇ ಹೇಗಾದ್ರೂ ಒಪ್ಪಿಸು."

ಬಸ್ಸಿನಲ್ಲಿ ನಿಂತುಕೊಂಡೇ ಅವಳು ಈ ಮಾತನ್ನು ಮಾವನಿಗೆ ಹೇಗೆ ತಲುಪಿಸುವುದೆಂದು ಮೂರು ಬಗೆಯಾಗಿ ಜೋಡಿಸಿ ನೋಡಿದಳು. ಮೂರೂ ಸರಿಹೋಗಲಿಲ್ಲ. ಇಳಿಯಬೇಕಾದ ನಿಲ್ದಾಣವೂ ದಾಟಿಹೋಯಿತು.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ಇದೆಲ್ಲ ತಮಾಷೆ. "ಅಪ್ಪ ಹತ್ತೊಂಬತ್ತು ವರ್ಷದಿಂದ ಮುನಿಸ್ಕೊಂಡಿರೋದೇ ಅವರ ಆರೋಗ್ಯದ ಗುಟ್ಟು," ಎಂದ. "ಅದನ್ನ ಕಿತ್ಕೊಂಡ್ರೆ ಆಮೇಲೆ ಮಂಡಿ ನೋವು ಅಂತಾರೆ, ಬೆನ್ನು ನೋವು ಅಂತಾರೆ, ನೀನೇ ಎಣ್ಣೆ ತಿಕ್ಕಬೇಕಾಗತ್ತೆ."

"ನಿಮಗೆ ಎಲ್ಲಾ ನಗು."

"ಹಾಗಾದ್ರೆ ಅಳಲಾ? ನಾಳೆ ಮೊದಲ ಪಾಳಿ ಇದೆ, ಬೇಗ ಬೇಗ ಅತ್ತುಬಿಡ್ತೀನಿ."

ಅವಳು ಬರೆಯಲು ಕುಳಿತಳು. ಶಾಯಿಯಲ್ಲಿರುವುದು ಬರೆದವರದು, ಪೆನ್ಸಿಲ್ಲಿನಲ್ಲಿರುವುದು ನುಡಿಸುವವರದು, ನಕಲು ಮಾಡುವವರು ಶಾಯಿಯನ್ನು ಮಾತ್ರ ನೋಡಬೇಕು ಎಂದು ಸಂಜೆ ತರಗತಿಯ ಮೇಷ್ಟ್ರು ಕಲಿಸಿದ್ದರು. ಅಷ್ಟು ವರ್ಷ ಆ ನಿಯಮವನ್ನು ಅವಳು ಒಮ್ಮೆಯೂ ಮೀರಿರಲಿಲ್ಲ. ಈಗ ಅದರ ಹಿಂದೆ ಅಡಗಿಕೊಳ್ಳುತ್ತಿದ್ದೇನೆ ಅನ್ನಿಸಿತು. ಆದರೂ ಕೈ ತೊಂಬತ್ತಾರನೆಯ ಮನೆ ಮುಗಿಸಿ ತೊಂಬತ್ತೇಳಕ್ಕೆ ದಾಟಿತು, ನಿಲ್ಲಲಿಲ್ಲ.

ಮಾವ ಹಿಂದೆ ಬಂದು ನಿಲ್ಲುವರು, ಹೋಗುವರು, ನೀರು ಕುಡಿಯುವ ನೆಪದಲ್ಲಿ ಮತ್ತೆ ಬರುವರು. ಒಮ್ಮೆ ಅವಳೇ ಕೇಳಿದಳು. "ಈ ಭಾಗ ಏನು ಮಾವ? ಅಷ್ಟು ಜೋರಾಗಿ ಓಡ್ತಿರೋದು ಇಲ್ಲಿ ಬಂದು ನಿಂತೇ ಹೋಗತ್ತಲ್ಲ."

ಅವರು ಲೋಟವನ್ನು ಕೈಯಲ್ಲೇ ತಿರುಗಿಸಿದರು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು ಅವರು. "ಮೂರನೇ ಪಾಳೀಲಿ ರಾತ್ರಿ ಎರಡು ಗಂಟೆಗೆ ಒಂದು ಪಂಪ್ ನಿಲ್ಲಿಸಿ ಇನ್ನೊಂದು ಶುರು ಮಾಡಬೇಕು. ಮಧ್ಯೆ ವಾಲ್ವ್ ತಿರುಗಿಸೋಕೆ ಒಂದು ನಿಮಿಷ. ಗಡಿಯಾರ ಇಟ್ಟು ನೋಡಿದೀನಿ, ಸರಿಯಾಗಿ ಒಂದು ನಿಮಿಷ. ಪಾಳಿ ಶುರುವಾದಾಗಿಂದ ಕಿವಿ ತುಂಬ ಆ ಪಂಪ್ ಸದ್ದೇ ಇರತ್ತೆ. ಅದು ನಿಂತ ತಕ್ಷಣ ಪೈಪಿನೊಳಗೆ ನೀರು ಓಡೋದು ಕೇಳಿಸತ್ತೆ. ಊರೆಲ್ಲ ಮಲಗಿದೆ, ನಾನೊಬ್ಬನೇ ಎದ್ದಿದೀನಿ ಅನ್ನಿಸೋದು." ಲೋಟ ಕೆಳಗಿಟ್ಟರು. "ಆ ಒಂದು ನಿಮಿಷ ಬರೆಯೋದಕ್ಕೇ ಉಳಿದದ್ದೆಲ್ಲ ಬರೆದದ್ದು. ಕ್ಯಾಪ್ಟನ್ ಅದನ್ನೇ ಕಿತ್ತು ಬಿಸಾಕಿದ. ನಾಲ್ಕು ಜನ ಟೀ ಕುಡಿಯೋಕೆ ಹೋದ್ರು ಅಂತ."

ಭಾನುವಾರ ಹದಿನೇಳೂ ಹಾಳೆಗಳು ಒಣಗಿದ್ದವು. "ಪೂರ್ತಿ ಬರೆದೆಯಾ?" ಎಂದು ಮಾವ ಕೇಳಿದರು. "ಪೂರ್ತಿ ಬರೆದಿದ್ದೀನಿ ಮಾವ," ಎಂದಳು. ಅವರು ಕಿಟಕಿಯ ಬೆಳಕಿಗೆ ಹೋಗಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದರು.

ಸಂಜೆ ಕ್ಯಾಪ್ಟನ್ ಫೋನ್ ಮಾಡಿದರು. "ಸಹಿ ಬಿತ್ತಾ?"

"ಬಿತ್ತು ಸಾರ್."

"ಅಂದ್ರೆ ಒಪ್ಕೊಂಡ್ರು! ನಾನು ಹೇಳಿರಲಿಲ್ವಾ, ನಿನ್ನ ಕೈಲಾಗತ್ತೆ ಅಂತ?"

ಅವಳು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಸಹಿ ಹಾಕಿದ್ದಾರೆ ಸಾರ್," ಎಂದಳು.

ಎರಡೂ ನಿಜ. ಅದನ್ನು ಅವಳು ರಾತ್ರಿಯೆಲ್ಲ ತನಗೇ ಹೇಳಿಕೊಂಡಳು. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟರೆ ಹೀಗಾಗುತ್ತದೆಂದು ಅಚ್ಚುಕೂಟದಲ್ಲಿ ಯಾರೂ ಕಲಿಸಿರಲಿಲ್ಲ. ಗುರುವಾರ ತಾಲೀಮಿದೆ, ಅಲ್ಲಿ ಎಲ್ಲರೆದುರಿಗೆ ಹೇಳಿಬಿಡುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ ಎಂದುಕೊಂಡಳು. ಗುರುವಾರ ತಾಲೀಮಿನ ಹಾಲ್‌ಗೆ ಬಣ್ಣ ಹೊಡೆಯುತ್ತಿದ್ದರು, ತಾಲೀಮು ರದ್ದಾಯಿತು. ಶನಿವಾರ, ಭಾನುವಾರ ಸ್ಟುಡಿಯೋ.

ಸ್ಟುಡಿಯೋ ಹಿಂದೆ ಬಟ್ಟೆಯ ಗೋದಾಮಾಗಿತ್ತು. ಗೋಡೆಗೆಲ್ಲ ದಪ್ಪ ಕಂಬಳಿ ಬಡಿದಿದ್ದರು. ಮೊದಲ ದಿನ ಐದು ರಚನೆ ಮುಗಿದವು. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ 'ಮೂರನೇ ಪಾಳಿ'. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡೂವರೆಗೇ ಬಂದರು. ಬಾಗಿಲಲ್ಲೇ ಕ್ಯಾಪ್ಟನ್ ಎದುರಾದರು. ಹತ್ತೊಂಬತ್ತು ವರ್ಷದ ಮೇಲೆ ಎದುರುಬದುರು ನಿಂತದ್ದು. ಇಬ್ಬರೂ ಒಂದು ಕ್ಷಣ ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತರು.

"ಕಣ್ಣು ಹೇಗಿದೆ?" ಎಂದರು ಕ್ಯಾಪ್ಟನ್.

"ಕಾಣತ್ತೆ."

"ಅಂಗಡಿಗೆ ಬನ್ನಿ, ಒಂದು ಸಲ ನೋಡೋಣ."

"ಬೇರೆ ಅಂಗಡೀಲಿ ಮಾಡಿಸ್ಕೊಂಡೆ."

ಹಾಗೆಂದು ಮಾವ ಗಾಜಿನ ಗೋಡೆಯ ಹಿಂದಿನ ಕೋಣೆಗೆ ಹೋಗಿ, ಧ್ವನಿಮುದ್ರಣ ಮಾಡುವವನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವಳು ಹಾಳೆಗಳನ್ನು ಹಂಚುತ್ತ ಕ್ಯಾಪ್ಟನ್ನರ ಹತ್ತಿರ ಬಂದು ನಿಂತಳು. 

"ಸಾರ್, ಒಂದು ಮಾತು."

"ಮಾತು ಆಮೇಲೆ ನಕಲಮ್ಮ. ಆ ಸ್ಟ್ಯಾಂಡು ಈ ಕಡೆ ಎಳಿ. ಇನ್ನೂ ಈ ಕಡೆ."

ಅವಳು ಸ್ಟ್ಯಾಂಡು ಎಳೆದಳು. ಅಷ್ಟರಲ್ಲಿ ಕ್ಯಾಪ್ಟನ್ ಕೈ ಎತ್ತಿದ್ದರು. ಅವಳು ಓಡಿಹೋಗಿ ಮಾವನ ಹಿಂದೆ ನಿಂತಳು.

ಹಾಡು ಹೊರಟಿತು. ಡ್ರಮ್ಸೂ ಬಾಸೂ ಪಂಪಿನಂತೆ ಒಂದೇ ಸಮ ಬಡಿಯತೊಡಗಿದವು. ಅದರ ಮೇಲೆ ಸ್ಯಾಕ್ಸೊಫೋನುಗಳು ಓಡಿದವು, ಟ್ರಂಪೆಟ್ಟುಗಳು ಅಡ್ಡ ಬಂದು ಕೂಗಿದವು. ಮಾವನ ಪಾದ ನೆಲ ತಟ್ಟುತ್ತಿತ್ತು. ಅವಳು ಮನೆ ಎಣಿಸುತ್ತಿದ್ದಳು. ತೊಂಬತ್ತನಾಲ್ಕು, ತೊಂಬತ್ತೈದು, ತೊಂಬತ್ತಾರು.

ಆಮೇಲೆ ಆದದ್ದು ಮೆಟ್ಟಿಲ ಮೇಲಿಂದ ಪಾತ್ರೆಗಳ ಮೂಟೆ ಉರುಳಿದಂತಿತ್ತು. ಹಳಬರು ಯಾರೂ ಹಾಳೆ ನೋಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಇಪ್ಪತ್ತನಾಲ್ಕು ಮನೆ ಹಾರಿ ಆ ಕಡೆ ಇಳಿದಿದ್ದರು. ಎರಡು ತಿಂಗಳ ಹಿಂದೆ ಸೇರಿದ ಮೂರನೇ ಟ್ರಂಪೆಟ್ಟಿನ ನರ್ಸ್ ಮತ್ತು ಯಾವಾಗಲೂ ಹಾಳೆಗೆ ಮೂಗು ತಾಗಿಸಿಕೊಂಡು ನುಡಿಸುವ ಬ್ಯಾರಿಟೋನ್ ಸ್ಯಾಕ್ಸೊಫೋನಿನವನು, ಇಬ್ಬರೇ ಕಾಗದದಲ್ಲಿದ್ದಂತೆ ನೇರ ಹೋಗಿ ಮೆಲ್ಲನೆಯ ಸ್ವರ ಹಿಡಿದಿದ್ದರು. ಡ್ರಮ್ಸಿನವನು ಎಲ್ಲರೂ ನಿಂತ ಮೇಲೂ ನಾಲ್ಕು ಏಟು ಬಾರಿಸಿ, "ಯಾರು ಸತ್ತರು?" ಎಂದ.

ಅವಳಿಗೆ ಮೊದಲು ಹೊಳೆದದ್ದು ತಾನು ಮನೆಗಳ ಲೆಕ್ಕ ತಪ್ಪಿ ಬರೆದಿದ್ದೇನೆ ಎಂದೇ.  ಮೂರು ಸಲ ಪರೀಕ್ಷಿಸಿದ್ದ ಹಾಳೆಗಳು! ಲೆಕ್ಕ ತಪ್ಪಿಲ್ಲ, ಇದು ಆ ಇಪ್ಪತ್ತನಾಲ್ಕು ಮನೆಯ ಗಲಾಟೆ ಎಂದು ಮರುಕ್ಷಣ ಅರ್ಥವಾದಾಗ ಅವಳಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಕ್ಯಾಪ್ಟನ್ ನರ್ಸಿನ ಸ್ಟ್ಯಾಂಡಿನಿಂದ ಹಾಳೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. "ತೊಂಬತ್ತೇಳು," ಎಂದರು. "ನಾವು ಹೂತು ಹಾಕಿದ್ದೆಲ್ಲ ಎದ್ದು ಬಂದಿದೆ. ನಕಲಮ್ಮ!"

ಅವಳು ಒಳಗೆ ಹೋಗಿ ಮೈಕುಗಳ ನಡುವೆ ನಿಂತಳು. ಹದಿನೇಳು ಜನ ಅವಳನ್ನೇ ನೋಡುತ್ತಿದ್ದರು.

"ಇದು ಯಾರ ಕೆಲಸ?"

"ನಂದು ಸಾರ್."

"ಸಹಿ ಬಿತ್ತು ಅಂದೆ."

"ಬಿದ್ದಿದೆ ಸಾರ್."

ಗೋಡೆಯ ಸ್ಪೀಕರಿನಿಂದ ಮಾವನ ದನಿ ಬಂತು. ಆ ಕೋಣೆಯಲ್ಲಿ ಯಾರೋ ಅವರಿಗೆ ಗುಂಡಿ ತೋರಿಸಿಕೊಟ್ಟಿರಬೇಕು. "ನನಗೆ ಪೂರ್ತಿ ಬರೆದಿದ್ದೀನಿ ಅಂದಳು."

"ಬರೆದಿದ್ದೀನಿ ಮಾವ," ಎಂದು ಅವಳು ಸ್ಪೀಕರಿಗೆ ಹೇಳಿದಳು.

ಡ್ರಮ್ಸಿನವನು ಮೊದಲು ನಕ್ಕ. ಟ್ರಾಂಬೋನಿನ ಸಾಲಿನಲ್ಲಿ ಇನ್ನಿಬ್ಬರು ನಕ್ಕರು. ಕ್ಯಾಪ್ಟನ್ ನಗಲಿಲ್ಲ. "ನಿಜ ಹೇಳಿ ಮೋಸ ಮಾಡೋದು ಎಲ್ಲಿ ಕಲಿತೆ ನೀನು?"

"ಸಂಜೆ ಕಾಲೇಜಲ್ಲಿ ಇರಬೇಕು," ಎಂದ ಡ್ರಮ್ಸಿನವನು.

"ನೀನು ಬಾಯಿ ಮುಚ್ಚು."

ಕ್ಯಾಪ್ಟನ್ ಗೋಡೆಯ ಗಡಿಯಾರ ನೋಡಿದರು. ಮೂರೂ ಕಾಲು. ಇನ್ನೂ ಎರಡು ರಚನೆ ಬಾಕಿ, ಆರಕ್ಕೆ ಜಾಗ ಬಿಡಬೇಕು. ಗಾಜಿನ ಕಡೆ ತಿರುಗಿದರು. ಗಾಜಿನಾಚೆ ಮಾವ ಎದ್ದು ನಿಂತಿದ್ದರು. ಒಪ್ಪಿಗೆ ಕಾಗದ ಹಿಂದಕ್ಕೆ ಕೇಳುತ್ತಾರೆ, ಈಗಲೇ ಕೇಳುತ್ತಾರೆ ಎಂದು ಅವಳು ಕಾದಳು. 

"ಒಂದು ಸಲ," ಎಂದರು ಕ್ಯಾಪ್ಟನ್. "ಒಂದೇ ಒಂದು ಸಲ ಕಾಗದದಲ್ಲಿರೋ ಹಾಗೆ ನುಡಿಸ್ತೀವಿ. ಟೇಪು ಓಡ್ಲಿ. ಎಲ್ಲರೂ ಹಾಳೆ ನೋಡಿ, ಕಪ್ಪೆ ಹಾಗೆ ಹಾರಬೇಡಿ. ಆಮೇಲೆ ಅವರೇ ಹೇಳಲಿ."

ಅವಳು ಹಿಂದಕ್ಕೆ ಬಂದಳು. ಮಾವ ಕುರ್ಚಿಯ ತುದಿಯಲ್ಲಿ ಕುಳಿತರು. ಅವಳ ಕಡೆ ನೋಡಲಿಲ್ಲ.

ಈ ಸಲ ಎಲ್ಲರೂ ಎಚ್ಚರದಿಂದ ನುಡಿಸಿದರು. ತೊಂಬತ್ತಾರನೆಯ ಮನೆ ಮುಗಿಯುತ್ತಲೇ ಡ್ರಮ್ಸು ನಿಂತಿತು, ಹದಿಮೂರು ಗಾಳಿವಾದ್ಯಗಳು ತೀರ ಕೆಳಗಿನ ಸ್ವರದಲ್ಲಿ ಒಟ್ಟಿಗೆ ಉಸಿರುಬಿಟ್ಟವು. ಅವಳ ತೋಳಿನ ಕೂದಲು ನೆಟ್ಟಗಾಯಿತು. ಹದಿನೇಳು ಹಾಳೆಗಳಲ್ಲಿ ಬಿಡಿಬಿಡಿಯಾಗಿ ಬರೆದದ್ದು ಒಟ್ಟಿಗೆ ಕೇಳಿಸಿದ್ದು ಅದೇ ಮೊದಲು. ನಾಲ್ಕು ಮನೆಯವರೆಗೆ ಹಾಗಿತ್ತು. ಎಂಟನೆಯ ಮನೆಗೆ ಟ್ರಂಪೆಟ್ಟುಗಳು ಒಂದು ಚಂದದ ಎಳೆ ಎತ್ತಿದವು. ಹನ್ನೆರಡಕ್ಕೆ ಟ್ರಾಂಬೋನುಗಳು ಅದಕ್ಕೆ ಉತ್ತರ ಕೊಟ್ಟವು. ಹದಿನಾಲ್ಕಕ್ಕೆ ಸ್ಯಾಕ್ಸೊಫೋನುಗಳು ಮತ್ತೆ ಉತ್ತರ ಕೊಟ್ಟವು. ಅವಳ ಕಣ್ಣು ಗಡಿಯಾರದ ಕಡೆ ಹೋಯಿತು. ಬೇಕೆಂದು ನೋಡಿದ್ದಲ್ಲ, ತಾನಾಗಿಯೇ ಹೋಯಿತು. ತಕ್ಷಣ ಕಣ್ಣು ಕೆಳಗೆ ಮಾಡಿದಳು. ಧ್ವನಿಮುದ್ರಣದವನು ಕಿವಿ ಕೆರೆದುಕೊಂಡ. ಗಾಜಿನಾಚೆ ಬಾಸಿನವನು ತನ್ನ ಸರದಿಗಾಗಿ ಕಾಯುತ್ತ ತನ್ನೆತ್ತರದ ವಾದ್ಯಕ್ಕೆ ಒರಗಿ ನಿಂತಿದ್ದ. ಇಪ್ಪತ್ತನಾಲ್ಕೂ ಮುಗಿದು ಓಟ ಮತ್ತೆ ಶುರುವಾದಾಗ, ಗಾಢ ನಿದ್ದೆಯಿಂದ ಎಬ್ಬಿಸಿದವರು ಚಪ್ಪಲಿಗಾಗಿ ತಡಕಾಡುವ ಹಾಗೆ ಹಾಡು ಎಡವಿಕೊಂಡು ಎದ್ದಿತು. ಕೊನೆಯವರೆಗೂ ಮೊದಲಿನ ಓಟ ಬರಲೇ ಇಲ್ಲ.

 ಕ್ಯಾಪ್ಟನ್ ಗಾಜಿನ ಹತ್ತಿರ ಬಂದರು. "ಹೇಗಿತ್ತು?" ಎಂದರು. ದನಿಯಲ್ಲಿ ಕುಹಕವಿರಲಿಲ್ಲ.

ಮಾವ ಧ್ವನಿಮುದ್ರಣದವನಿಗೆ, "ಆ ಭಾಗ ಇನ್ನೊಂದು ಸಲ ಹಾಕಪ್ಪ," ಎಂದರು. ಟೇಪು ಹಿಂದೆ ಓಡಿತು. ಅವರು ಈ ಸಲ ಕಣ್ಣು ಮುಚ್ಚಿಕೊಂಡು, ತಲೆ ತಗ್ಗಿಸಿ ಕೇಳಿದರು. ಪಾದ ಅಲ್ಲಾಡಲಿಲ್ಲ.

"ಎಷ್ಟು ಹೊತ್ತು?"

"ಒಂದು ನಿಮಿಷ ಸಾರ್. ಒಂದೆರಡು ಸೆಕೆಂಡು ಆಚೀಚೆ."

"ಲೆಕ್ಕ ಸರಿಯಾಗಿದೆ," ಎಂದರು ಮಾವ.  "ಆದ್ರೆ ಪಂಪ್ ನಿಲ್ಲಲೇ ಇಲ್ಲ."

"ಚೆನ್ನಾಗಿತ್ತು ಮಾವ," ಎಂದಳು ಅವಳು.

"ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣಮ್ಮ. ನಿಜ ಹೇಳೋದ್ರಲ್ಲೇ ನಿನ್ನ ಕೈ ಪಳಗಿರೋದು."

ಅವರು ಎದ್ದು ಒಳಗೆ ಹೋದರು. ಅವಳೂ ಹಿಂದೆ ಹೋದಳು. ಮಾವ ಸ್ಟ್ಯಾಂಡುಗಳ ನಡುವೆ ನಡೆದು, ಯಾರದೋ ಹಾಳೆಯನ್ನು ಬಗ್ಗಿ ನೋಡಿ, ಮತ್ತೊಬ್ಬರದನ್ನು ನೋಡಿ, ಕೊನೆಗೆ ಕ್ಯಾಪ್ಟನ್ನರ ಮುಂದೆ ನಿಂತರು.

"ಹದಿಮೂರು ಜನಕ್ಕೂ ಕೆಲಸ ಕೊಟ್ಟುಬಿಟ್ಟಿದೀನಿ," ಎಂದರು. "ಒಬ್ಬರ ಬಾಯಿ ಮುಚ್ಚಿದ್ರೆ ಇನ್ನೊಬ್ಬರು ತೆಗೀತಾರೆ. ಪಂಪ್ ನಿಂತಾಗ ಯಾರಿಗೂ ಕೆಲಸ ಇರಲ್ಲ."

ಕ್ಯಾಪ್ಟನ್ ತಲೆಯಾಡಿಸಿದರು. ಗೆದ್ದವರ ಮುಖವಾಗಿರಲಿಲ್ಲ ಅದು. "ಹಾಗಾದ್ರೆ ನಾವು ಯಾವಾಗಲೂ ನುಡಿಸೋ ಹಾಗೆ..."

"ಅದೂ ಬೇಡ. ನೀವು ಹಾರೋದೂ ತಪ್ಪು. ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ ದೊಪ್ ಅಂತ ಬೀಳ್ತೀರಿ. ಪ್ರತಿ ಸಲಾನೂ ಅಲ್ಲೇ ಬೀಳ್ತೀರಿ. ಕೇಳಿದೀನಿ ನಾನು."

"ಎಲ್ಲಿ ಕೇಳಿದ್ರಿ?"

"ತಾಲೀಮಿನ ಹಾಲ್ ಹೊರಗೆ. ಸೈಕಲ್ ನಿಲ್ಲಿಸೋ ಕಡೆ."

"ಬಂದಿದ್ರಾ?"

"ಬರ್ತಿದ್ದೆ."

ಕ್ಯಾಪ್ಟನ್ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸತೊಡಗಿದರು. "ಒಳಗೆ ಬರೋಕೆ ಏನಾಗಿತ್ತೋ ನಿನಗೆ?" ಎಂದರು. ಅಷ್ಟು ಹೊತ್ತಿನ ಬಹುವಚನ ಎಲ್ಲಿ ಜಾರಿತೋ ಅವರಿಗೇ ತಿಳಿಯಲಿಲ್ಲ.

ಮಾವ ಬಾಸಿನವನ ಕಡೆ ತಿರುಗಿದರು. "ಎರಡು ಮನೆ. ಬರೀ ಎರಡು. ಹದಿನಾರು ಜನ ಸುಮ್ಮನೆ. ನೀನೊಬ್ಬ ಒಂದು ಸ್ವರ ಹಿಡಿದುಕೊಂಡಿರು."

"ಯಾವ ಸ್ವರ?"

ಮಾವ ಗಂಟಲಿನೊಳಗೇ ಒಂದು ಸ್ವರ ಹಿಡಿದರು. ಬಾಸಿನವನು ಪಿಟೀಲಿನವರಂತೆ ತಂತಿಯ ಮೇಲೆ ಕಮಾನು ಎಳೆಯುತ್ತ ಹುಡುಕಿದ. "ಇನ್ನೂ ಕೆಳಗೆ. ಇನ್ನೂ ಸ್ವಲ್ಪ. ಹಾಂ. ಅಲ್ಲೇ ಇರು. ಜೋರು ಮಾಡಬೇಡ, ಗೋಡೆ ಆಚೆ ಇರೋ ಹಾಗಿರಲಿ."

"ಎರಡು ಮನೆ ಯಾರೂ ನುಡಿಸದೇ ಇದ್ರೆ," ಎಂದರು ಕ್ಯಾಪ್ಟನ್, "ರೆಕಾರ್ಡು ಕೆಟ್ಟಿದೆ ಅಂತ ಜನ ಅಂಗಡಿಗೆ ವಾಪಸ್ ತರ್ತಾರೆ."

"ತರಲಿ."

ಕ್ಯಾಪ್ಟನ್ ಬಾಸಿನವನ ಕಮಾನನ್ನು, ಗಡಿಯಾರವನ್ನು, ಮಾವನನ್ನು ನೋಡಿದರು. ಡ್ರಮ್ಸಿನವನು ಎರಡೂ ಕೋಲನ್ನು ತೊಡೆಯ ಮೇಲಿಟ್ಟುಕೊಂಡ. "ನಾನಂತೂ ರೆಡಿ. ಸುಮ್ಮನೆ ಕೂರೋದನ್ನ ನನಗೆ ಬರೆದುಕೊಟ್ಟ ಮೊದಲನೇ ಮನುಷ್ಯ ನೀವೇ ಅಣ್ಣ."

"ನಕಲಮ್ಮ," ಎಂದರು ಕ್ಯಾಪ್ಟನ್, "ನಿನ್ನ ಪೆನ್ನು ತಗೋ."

ಅವಳು ಒಂದೊಂದೇ ಸ್ಟ್ಯಾಂಡಿನ ಮುಂದೆ ಮಂಡಿಯೂರಿ, ಸ್ಕೇಲಿಟ್ಟು, ಇಪ್ಪತ್ತನಾಲ್ಕು ಮನೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಎರಡು ಖಾಲಿ ಮನೆ ಬರೆಯುತ್ತ ಹೋದಳು. ಎರಡು ವಾರ ಕೂತು ಬರೆದದ್ದರ ಮೇಲೆ ತನ್ನ ಕೈಯಿಂದಲೇ ಗೆರೆ. ನರ್ಸಿನ ಹಾಳೆಯ ಮೇಲೆ ಸ್ಕೇಲು ಜಾರಿತು. "ನಿಧಾನ ಅಕ್ಕ," ಎಂದು ನರ್ಸ್ ಹಾಳೆಯ ಮೂಲೆಯನ್ನು ಒತ್ತಿ ಹಿಡಿದಳು. ಕ್ಯಾಪ್ಟನ್ನರ ಸ್ಟ್ಯಾಂಡು ಕೊನೆಯದು.

"ತಪ್ಪಾಯ್ತು ಸಾರ್," ಎಂದಳು, ತಲೆ ಎತ್ತದೆ.

"ಅದನ್ನ ಆಮೇಲೆ ನೋಡೋಣ. ಗೆರೆ ನೆಟ್ಟಗೆ ಎಳಿ."

ಎದ್ದು ನಿಂತಾಗ ಮಾವ ಅಲ್ಲಿರಲಿಲ್ಲ. ಗಾಜಿನ ಹಿಂದಿನ ಕುರ್ಚಿಯೂ ಖಾಲಿ. ಅವಳು ಒಂದಾದ ಮೇಲೊಂದು ಎರಡು ದಪ್ಪ ಬಾಗಿಲು ದೂಡಿಕೊಂಡು ಹೊರಗೆ ಬಂದಳು. ಓಣಿಯಂಥ ಪಡಸಾಲೆಯ ಕೊನೆಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕಡೆ, ಮಾವ ಕಿಟಕಿಗೆ ಮುಖ ಮಾಡಿ ನಿಂತಿದ್ದರು. ಕೆಳಗಿನ ಅಂಗಳದಲ್ಲಿ ಒಬ್ಬಾಕೆ ವ್ಯಾನಿನ ಹಿಂಬಾಗಿಲು ತೆರೆದು ಪೆಟ್ಟಿಗೆಗಳನ್ನು ಇಳಿಸುತ್ತಿದ್ದಳು.

"ಒಳಗೆ ಬನ್ನಿ ಮಾವ. ಶುರು ಮಾಡ್ತಾರೆ."

"ಇಲ್ಲೇ ಇರ್ತೀನಿ. ನೀನು ಹೋಗು."

ಅವಳು ಹೋಗಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ಇನ್ನು ಹೋಗುವ ಹಾಗೂ ಇರಲಿಲ್ಲ. ಅವಳು ಕಿವಿಗೊಟ್ಟಳು. ಎರಡು ಬಾಗಿಲು, ಕಂಬಳಿ ಬಡಿದ ಗೋಡೆ. ಒಳಗೆ ಹದಿನೇಳು ಜನ ಇದ್ದಾರೆಂಬ ಸುಳಿವೂ ಹೊರಗೆ ಬರುತ್ತಿರಲಿಲ್ಲ. ಶುರು ಮಾಡಿದರೋ, ಎಡವಿ ನಿಲ್ಲಿಸಿದರೋ, ಹಳಬರು ಯಾರಾದರೂ ಮರೆತು ಮತ್ತೆ ಹಾರಿಬಿಟ್ಟರೋ ತಿಳಿಯುವಂತಿರಲಿಲ್ಲ. ಅವಳು ಗೋಡೆಗೆ ಒರಗಿದಳು, ನೆಟ್ಟಗಾದಳು. ಬೆರಳಿನ ಶಾಯಿಯನ್ನು ಇನ್ನೊಂದು ಬೆರಳಿಗೆ ತಿಕ್ಕಿದಳು.

ಮಾವನ ಬಲಗೈ ಕಿಟಕಿಯ ಕಟ್ಟೆಯ ಮೇಲಿತ್ತು. ಮನೆ ಎಣಿಸುವ ಹಾಗೆ ನಾಲ್ಕು ಬೆರಳುಗಳು ಒಂದಾದ ಮೇಲೊಂದು ಏಳುತ್ತಿದ್ದವು, ಬೀಳುತ್ತಿದ್ದವು. ಅವಸರವಿಲ್ಲ, ತಡವೂ ಇಲ್ಲ. ಅವಳ ಕಣ್ಣು ದೀಪದಿಂದ ಆ ಬೆರಳಿಗೆ, ಬೆರಳಿನಿಂದ ದೀಪಕ್ಕೆ ಓಡಾಡಿತು. ಒಂದು ನಿಮಿಷವಾಯಿತು, ಎರಡಾಯಿತು. ಹೀಗೆ ಬಡಿಯುತ್ತಿದ್ದ ಬೆರಳುಗಳು ಒಮ್ಮೆಲೇ ಗಾಳಿಯಲ್ಲಿ ನಿಂತವು.

 ಅಂಗಳದ ಹೆಂಗಸು ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಆಚೆ ಹೋಗುತ್ತಿದ್ದಳು. ಮಾವ ಆ ಹೆಂಗಸಿನ ಕಡೆಯೇ ನೋಡುತ್ತಿದ್ದರು, ಅಥವಾ ಏನನ್ನೂ ನೋಡುತ್ತಿರಲಿಲ್ಲ.

ಬೆರಳುಗಳು ಮತ್ತೆ ಕಟ್ಟೆಯ ಮೇಲೆ ಬಿದ್ದವು. ಕೆಂಪು ದೀಪ ಉರಿಯುತ್ತಲೇ ಇತ್ತು.